ಬಾಯಿಸಾಹೇಬರು ಬರೆದ ಚೀಟಿ

ಅವರ ಬ್ಯಾಟರಿಯ ಬೆಳಕು ಎಂದೂ ಯಾರ ಮೊಣಕಾಲನ್ನೂ ದಾಟಿ ಮೇಲೇರಲಿಲ್ಲ. ಗಾಜಿನ ಮೇಲೆ ಕಪ್ಪು ಕಾಗದ ಅಂಟಿಸಿ, ನಡುವೆ ನಾಲ್ಕಾಣೆಯಷ್ಟು ತೂತು ಬಿಟ್ಟಿದ್ದರು. ತಡವಾಗಿ ಬಂದವರ ಪಾದದ ಮುಂದೆ ಆ ದುಂಡು ಬೆಳಕು ನೆಲ ಸವರುತ್ತ ಸಾಗಿ, ಕೂರುವ ಬಾಕಿನ ಸಾಲು ತೋರಿಸಿ ಆರಿಹೋಗುತ್ತಿತ್ತು. ನಿಪ್ಪಾಣಿಯ ಹಳೆಯ ಟಾಕೀಸಿನಲ್ಲಿ ಅವರು ಗೇಟ್‌ಕೀಪರ್. ಬೋರಗಾಂವದ ಜೈನ ಒಕ್ಕಲು ಮನೆಯವರು. ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ. ಮಧ್ಯಾಹ್ನದ ಆಟ ಮುಗಿದೊಡನೆ ಟಿಕೆಟ್ ಕಿಟಕಿಯ ಹಿಂದೆ ಕುಳಿತು ರೊಟ್ಟಿಯ ಬುತ್ತಿ ಬಿಚ್ಚುತ್ತಿದ್ದರು. ಊರು ಅವರನ್ನು ಬ್ಯಾಟರಿ ಕಾಕಾ ಎಂದು ಕರೆಯುತ್ತಿತ್ತು.

ಇಂಗ್ಲಿಷ್ ಸಿನಿಮಾ ಬಂದಾಗ ಅವರ ಕೆಲಸ ಬದಲಾಗುತ್ತಿತ್ತು. ತಂಬಾಕಿನ ವಖಾರಿಯಲ್ಲಿ, ಅಂದರೆ ಗೋದಾಮಿನಲ್ಲಿ, ನನ್ನಂತೆ ದುಡಿಯುವ ಆಳುಗಳಿಗೂ ಬೀಡಿ ಕಟ್ಟುವ ಹೆಂಗಸರಿಗೂ ಇಂಗ್ಲಿಷ್ ಎಲ್ಲಿಂದ ಬರಬೇಕು? ಕಾಕಾ ಪರದೆಯ ಮಗ್ಗುಲಲ್ಲಿ ನಮ್ಮ ಕಡೆಗೆ ಮುಖ ಮಾಡಿ ನಿಂತು, ನಡೆಯುವ ಕಥೆಯನ್ನು ಕನ್ನಡದಲ್ಲಿ ಹೇಳುತ್ತಿದ್ದರು, ನಡುನಡುವೆ ಮರಾಠಿಯಲ್ಲಿ. ಹಿಮ ಬೀಳುವ ದೃಶ್ಯದಲ್ಲಿ ನಮ್ಮ ವಖಾರಿಯವನೊಬ್ಬ ಅದನ್ನು ಹತ್ತಿ ಎಂದುಕೊಂಡು, "ಕಾಕಾ, ಇದೇನ್ ಅರಳಿ ಉದರಾಕತ್ತೈತಲ್ರಿ?" ಎಂದು ಕೂಗಿದ್ದ.

"ಅರಳಿ ಅಲ್ಲೋ, ಹಿಮಾ. ಅಲ್ಲಿ ಮಳೀನ ಹಿಂಗ ಬೀಳತೈತಿ."

"ಹಂಗಾರ ತಂಬಾಕ ಎಲ್ಲಿ ಒಣಗಸ್ತಾರ್ರಿ?"

"ಅದಕ್ಕ ನಿನ್ನ ತಂಬಾಕ ಬೇಕಾಗೇತಿ ಅವರಿಗಿ. ಸುಮ್ನ ಕುಂಡ್ರ."

ಆ ಕಪ್ಪು-ಬಿಳುಪು ಚಿತ್ರದ ನಟಿಯ ಹೆಸರು ನಮ್ಮ ನಾಲಿಗೆಗೆ ಹೊರಳಲಿಲ್ಲ. ಕಾಕಾ ಆಕೆಯನ್ನು ಬಾಯಿಸಾಹೇಬ ಎಂದರು, ಊರೂ ಹಾಗೆಯೇ ಅಂದಿತು. ಮೂರು ದಿನಕ್ಕೆಂದು ತಂದ ಚಿತ್ರ ಮೂರು ವಾರ ನಡೆಯಿತು. ಚಿಕ್ಕೋಡಿ, ರಾಯಬಾಗ, ಅಥಣಿಗಳಿಂದ ಜನ ಬಸ್ಸು ಹಿಡಿದು ಬಂದರು. ಕ್ಷೌರದಂಗಡಿಯ ಕನ್ನಡಿಯ ಮೇಲೆ ಆಕೆಯ ಮುಖ ಬಂತು. ದರ್ಜಿಯೊಬ್ಬ ಆಕೆಯ ಕೊರಳಪಟ್ಟಿ ನೋಡಿ ಕುಪ್ಪಸ ಕತ್ತರಿಸಿದ. ಬೀಡಿಯ ಹೆಂಗಸರು ಸೆರಗನ್ನು ಆಕೆಯ ತಲೆವಸ್ತ್ರದಂತೆ ಗದ್ದದ ಕೆಳಗೆ ಗಂಟು ಹಾಕಿ ನಡೆದರು. ಆಕೆ ಅತ್ತಾಗ ಅಳುತ್ತಿದ್ದ ಅವರು, ಕಡೆಗೆ ಮಾತ್ರ ಕಣ್ಣೊರೆಸಿಕೊಂಡು ನೆಟ್ಟಗೆ ಕೂರುತ್ತಿದ್ದರು.

ಕಡೆಯ ದೃಶ್ಯ ಹೀಗಿತ್ತು. ಗಂಡ ಹೊರಗೆ ಹಾಕಿದ ಹೆಂಗಸು ಮೇಜಿನ ಮುಂದೆ ಕುಳಿತು ಚೀಟಿ ಬರೆಯುತ್ತಾಳೆ. ಚೀಟಿ ಮೇಜಿನ ಮೇಲಿಟ್ಟು, ಬಾಗಿಲು ಮುಚ್ಚಿ, ಹಿಮದಲ್ಲಿ ನಡೆದುಹೋಗುತ್ತಾಳೆ. ಒಂದು ಗಂಟೆ ಬಾರಿಸುತ್ತದೆ. ಪರದೆ ಕಪ್ಪಾಗುತ್ತದೆ. ಕಾಕಾ ಆ ಚೀಟಿಯನ್ನು ನಿಧಾನವಾಗಿ ಓದುತ್ತಿದ್ದರು: "ಅವ್ವಾ, ನಾ ಬರಾಕತ್ತೀನಿ. ನೀರ ಕಾಸಿಡು." ಗಂಟೆ ಬಾರಿಸಿದಾಗ, "ಅದು ಆಕಿ ತವರೂರಿನ ಗುಡೀ ಗಂಟಿ," ಎನ್ನುತ್ತಿದ್ದರು.

ಕಾಕಾನಿಗೆ ಬಾಯಿಸಾಹೇಬರ ಹುಚ್ಚು ಹಿಡಿದಿತ್ತು, ಅದಕ್ಕೇ ಮದುವೆಯಾಗಲಿಲ್ಲ ಎಂಬ ಮಾತು ಊರಲ್ಲಿ ಇಂದಿಗೂ ಇದೆ. ಹತ್ತು ಬಾಯಿ ಹೇಳಿದ ಮಾತ್ರಕ್ಕೆ ನಾನು ಯಾವುದನ್ನೂ ಒಪ್ಪಿದವನಲ್ಲ, ಕಾಕಾನನ್ನೂ ಪ್ರಶ್ನೆ ಕೇಳಿ ಕಾಡಿದವನು. ಇದನ್ನೂ ಒಪ್ಪಲಿಲ್ಲ.

ಆ ವರ್ಷವೇ ನನ್ನ ಅಕ್ಕ ಅಥಣಿ ಕಡೆಯ ಗಂಡನ ಮನೆಯಿಂದ ತಿರುಗಿ ಬಂದಿದ್ದಳು. ಬಂದ ದಿನವೇ ಕಾಲುಂಗುರ ತೆಗೆದು ಡಬ್ಬಿಗೆ ಹಾಕಿದಳು. ಉಣ್ಣುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ, ಬಾವಿಗೆ ನೀರಿಗೆಂದು ಹೋದರೂ ಅವ್ವ ಹಿಂದೆಯೇ ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಯಾರಿಗೂ ಹೇಳದೆ ಟಾಕೀಸಿಗೆ ಹೋಗಿಬಂದಳು. ಅವ್ವ ಬೈದಳು. ಮರುದಿನ ಮತ್ತೆ ಹೋದಳು. ಮೂರನೆಯ ದಿನ ಬೆಳಿಗ್ಗೆ ನೋಡಿದರೆ ಅಂಗಳದಲ್ಲಿ ಬೀಡಿಯ ಮೊರ ಎದುರಿಗಿಟ್ಟುಕೊಂಡು ಎಲೆ ಕತ್ತರಿಸುತ್ತಿದ್ದಳು. ಆ ದುಡಿಮೆಯಿಂದಲೇ ನನಗೊಂದು ಇಂಗ್ಲಿಷ್ ನಿಘಂಟು ಕೊಡಿಸಿದಳು. ತಂಬಾಕು ಕಟ್ಟಲು ವಖಾರಿಗೆ ಬರುತ್ತಿದ್ದ ಹಳೆಯ ಇಂಗ್ಲಿಷ್ ಪತ್ರಿಕೆಗಳನ್ನು ಅದರ ಸಹಾಯದಿಂದ ಓದಿ ನಾನು ಇಂಗ್ಲಿಷ್ ಕಲಿತೆ.

ಹೋದ ವರ್ಷ ಮೊಮ್ಮಗಳು ಆ ಚಿತ್ರವನ್ನು ಫೋನಿನಲ್ಲಿ ಹುಡುಕಿಕೊಟ್ಟಳು. ಒಬ್ಬನೇ ಕುಳಿತು ನೋಡಿದೆ. ಚೀಟಿಯ ದೃಶ್ಯದಲ್ಲಿ ಚಿತ್ರವನ್ನು ನಿಲ್ಲಿಸಿ, ಭೂತಗನ್ನಡಿ ಹಿಡಿದು ಅಕ್ಷರ ಅಕ್ಷರ ಓದಿದೆ. ನನ್ನನ್ನು ಹುಡುಕಬೇಡಿ, ಕೆರೆಯ ನೀರು ಇಂದು ತಣ್ಣಗೆ ನಿಂತಿದೆ ಎಂದು ಆಕೆ ಬರೆದಿದ್ದಳು. ಗಂಟೆ ತವರಿನದಲ್ಲ; ಆಕೆಯನ್ನು ಹುಡುಕಲು ಊರವರನ್ನು ಕರೆಯುವ ಗಂಟೆ. ಆ ಹೊತ್ತಿಗೆ ಎಂಬತ್ತರ ಹತ್ತಿರದ ಅಕ್ಕ ದಿನಕ್ಕೊಮ್ಮೆ ಕೇಳುತ್ತಿದ್ದಳು: "ಸಿನಿಮಾ ಸಿಕ್ಕೈತಂತಲ್ಲೋ ತಮ್ಮಾ. ತೋರಸು. ನಿನಗ ಇಂಗ್ಲಿಷ್ ಬರತೈತಿ, ಆ ಚೀಟಿ ನೀನ ಓದಿ ಹೇಳು."

ಸುಳ್ಳು ಓದುವುದು ನನ್ನಿಂದಾಗದು. ನಿಜ ಓದಿದರೆ ಅವಳು ಐವತ್ತು ವರ್ಷ ಹಿಡಿದುಕೊಂಡು ಬಂದದ್ದು ಕೈಬಿಡುತ್ತದೆ. ನಾಳೆ ನಾಳೆ ಎನ್ನುತ್ತ ಬಂದೆ. ಕೊನೆಗೆ ಸುಳ್ಳು ಓದಿದ ಕಾಕಾನ ಮೇಲಿನ ಸಿಟ್ಟು ತಡೆಯಲಾರದೆ ಬೋರಗಾಂವಕ್ಕೆ ಹೋದೆ.

ಕಾಕಾ ಕಟ್ಟೆಯ ಮೇಲಿದ್ದರು. ಪಕ್ಕದ ಮನೆಯ ಪವರ್‌ಲೂಮು ಬಡಿಯುತ್ತಿತ್ತು. ಕಣ್ಣು ಪೂರಾ ಮಂಜಾಗಿತ್ತು, ದನಿಯಿಂದ ಗುರುತಿಸಿದರು.

"ವಖಾರ್ಯಾಗಿನ ಪ್ರಶ್ನೆ ಕೇಳಾವ ಹೌದಲ್ಲೋ? ಇನ್ನೂ ಏನ ಉಳದೈತಿ ಕೇಳೂದು?"

"ಆ ಚೀಟಿ ನಾ ಓದೇನ್ರಿ ಕಾಕಾ. ಆಕಿ ತವರಿಗಿ ಹೋಗಲಿಲ್ಲ. ಕೆರಿಗಿ ಹೋದಳು."

"ಗೊತ್ತೈತಿ."

"ನಿಮಗ ಇಂಗ್ಲಿಷ್ ಎಲ್ಲಿ ಬರತಿತ್ರಿ?"

"ಬರತಿರಲಿಲ್ಲ. ರೀಲಿನ ಡಬ್ಬಿ ಜೋಡಿ ಮರಾಠಿ ಚೋಪಡಿ ಬರತಿತ್ತು, ಕಥಿ ಪೂರಾ ಅದರಾಗ ಇರತಿತ್ತು. ಮೊದಲನೇ ದಿನ ಇದ್ದದ್ದ ಇದ್ದಂಗ ಹೇಳಿದ್ನಿ. ಮಂದಿ ಭಾಳ ಇರಲಿಲ್ಲ. ಆಟ ಬಿಟ್ಟ ಮ್ಯಾಲ ಹೆಣ್ಮಕ್ಕಳ ಬಾಕಿನಾಗ ಒಬ್ಬಾಕಿ ಏಳವಲ್ಲಳು. ಮಾರಿ ಮ್ಯಾಲ ಸೆರಗ. 'ಆಕಿಗಿ ಬ್ಯಾರೆ ಹಾದಿ ಇರಲಿಲ್ಲೇನ್ರಿ?' ಅಂದಳು. 'ನಾಳಿಗಿ ಮತ್ತ ಬಾರವ್ವಾ ತಂಗಿ, ಇವತ್ತ ನಾ ಚೀಟಿ ತಪ್ಪ ಓದೇನಿ' ಅಂದ್ನಿ."

"ಯಾರ್ರಿ ಆಕಿ?"

"ನಾ ಬ್ಯಾಟರಿ ಮ್ಯಾಲ ಎತ್ತಾವಲ್ಲ. ಕಾಲ ಅಷ್ಟ ಕಂಡಾವು. ಕಾಲುಂಗರ ಇದ್ದಿಲ್ಲ. ತಗದದ್ದ ಗುರುತ ಹೊಸಾದಿತ್ತು."

ಅಕ್ಕ ಡಬ್ಬಿಗೆ ಹಾಕಿದ ಕಾಲುಂಗುರ ನನ್ನ ಕಣ್ಣ ಮುಂದೆ ಬಂತು. ಕೊನೆಗೆ ಊರಿನ ಮಾತನ್ನೂ ಕೇಳಿಬಿಟ್ಟೆ: "ನಿಮಗ ಬಾಯಿಸಾಹೇಬರ ಹುಚ್ಚ ಇತ್ತಂತಾರಲ್ರಿ ಮಂದಿ?"

ಕಾಕಾ ನಕ್ಕರು. "ಆಕಿ ಮಾರಿ ನಾ ಸರೀಗಿ ನೋಡೇ ಇಲ್ಲೋ. ನಿಮ್ಮ ಮಾರಿ ನೋಡಕೋತ ನಿಂತಿದ್ನೆಲ್ಲ."

ಕಾಕಾ ಜೈನರು, ಒಂದು ಜೀವ ಸಾಯುವುದನ್ನು ಬಾಯಿಂದ ಹೇಳಲಾರದೆ ಕಥೆ ತಿರುಗಿಸಿದರು ಎಂದು ನನ್ನಿಂದ ಇದನ್ನು ಕೇಳಿದ ಕೆಲವರು ಈಗ ವಿವರಿಸುತ್ತಾರೆ. ಅದೂ ಅರ್ಧ ಮಾತು. ಮೊದಲ ದಿನ ಅವರು ಹೇಳಿಯೇ ಇದ್ದರು. ಎರಡನೆಯ ದಿನ ತಿರುಗಿಸಿದ್ದು ಪರದೆಯ ಮೇಲಿನವಳಿಗಾಗಿ ಅಲ್ಲ.

ಎರಡು ತಿಂಗಳ ಮೇಲೆ ಕಾಕಾ ತೀರಿಕೊಂಡರೆಂದು ಸುದ್ದಿ ಬಂತು. ಸಂಸ್ಕಾರಕ್ಕೆ ಹೋಗಿಬಂದೆ. ಅವರ ತಮ್ಮನ ಮಗ ಆ ಬ್ಯಾಟರಿಯನ್ನು ನನ್ನ ಕೈಗೆ ಕೊಟ್ಟಿದ್ದ. ಕಪ್ಪು ಕಾಗದ ಹಾಗೆಯೇ ಇತ್ತು. ಅಕ್ಕ ಅದನ್ನು ತೊಡೆಯ ಮೇಲಿಟ್ಟುಕೊಂಡು ತಿರುಗಿಸಿ ನೋಡಿದಳು. ಆಮೇಲೆ, "ಇವತ್ತರೆ ತೋರಸೋ," ಎಂದಳು.

ತೋರಿಸಿದೆ. ಫೋನಿನ ಬೆಳಕಿನಲ್ಲಿ ಬಾಯಿಸಾಹೇಬರು ಮೇಜಿನ ಮುಂದೆ ಕುಳಿತರು, ಚೀಟಿ ಬರೆದರು. ಅಕ್ಕ ನನ್ನ ಮುಖ ನೋಡಿದಳು. ಹುಟ್ಟಿದಾಗಿನಿಂದ ಓದಿದ್ದನ್ನು ಬೇರೆಯಾಗಿ ಹೇಳಿದವನಲ್ಲ ನಾನು. ಓದಿದೆ:

"ಅವ್ವಾ, ನಾ ಬರಾಕತ್ತೀನಿ. ನೀರ ಕಾಸಿಡು."

ಗಂಟೆ ಬಾರಿಸಿತು. ಪರದೆ ಕಪ್ಪಾಯಿತು.

"ಮೊದಲನೇ ದಿನ ಅವರು ಬ್ಯಾರೆ ಓದಿದ್ರು," ಎಂದಳು ಅಕ್ಕ. "ನೀನೂ ಎರಡನೇ ದಿನದ್ದ ಓದಿದಿ. ಚಲೋ ಆತು, ತಮ್ಮಾ."

ಸಂಸ್ಕಾರಕ್ಕೆ ಹೋಗಿಬಂದ ನನ್ನ ಸ್ನಾನ ಇನ್ನೂ ಆಗಿರಲಿಲ್ಲ; ಬೇರೆಯವರ ಸಾವಿಗೆ ಮನೆಯ ಹೆಂಗಸು ಸ್ನಾನ ಮಾಡಬೇಕಾಗಿಲ್ಲ. ಆದರೂ ಅಕ್ಕ ಗೋಡೆ ಹಿಡಿದು ಎದ್ದಳು, ಒಳಗೆ ಹೋಗಿ ಇಬ್ಬರಿಗಾಗುವಷ್ಟು ನೀರನ್ನು ಒಲೆಗೆ ಇಟ್ಟಳು.