ಬೀಗಿತ್ತಿಯ ಮೊಣಕಾಲು

ನಮ್ಮ ಬೀಗಿತ್ತಿಯ ಮೊಣಕಾಲುಗಳು ತಳ ಹಿಡಿದ ಪಾತ್ರೆಯ ಹಾಗೆ ಕಪ್ಪಗೆ, ಒರಟಾಗಿದ್ದವು. ದೇವರಿಗೆ ಅಡ್ಡಬಿದ್ದು ಆದದ್ದಲ್ಲ. ಮಗು ಇರುವ ಮನೆಗೆ ಹೋದರೆ ಸಾಕು, ಸೀರೆ ಎತ್ತಿ ಸಿಕ್ಕಿಸಿ, ಅಂಬೆಗಾಲಿಡುತ್ತಾ ಮನೆಯೆಲ್ಲ ಸುತ್ತುವುದು ಅವರ ಅಭ್ಯಾಸ. ಮಗು ಮಲಗುವ ಜಾಗದಲ್ಲಿ ತಾವೇ ಅಂಗಾತ ಮಲಗಿ, ಕೈಗೆ ಏನು ಸಿಗುತ್ತದೆ, ಮುಖದ ಮೇಲೆ ಏನು ಬೀಳಬಹುದು ಎಂದು ನೋಡುತ್ತಿದ್ದರು.

"ನಿಂತ್ಕೊಂಡ್ರೆ ದೊಡ್ಡವರ ಮನೆ ಕಾಣತ್ತೆ ಬೀಗ್ರೇ. ಮಗೂ ಮನೆ ಕೆಳಗಿರತ್ತೆ."

ಮೊದಲ ಸಲ ನೋಡಿದಾಗ, ಪಾಪ ಓಲೆ ಕಳೆದುಕೊಂಡಿದ್ದಾರೆ ಎಂದುಕೊಂಡು ನಾನೂ ಮಂಚದ ಕೆಳಗೆ ಬಗ್ಗಿ ಹುಡುಕಿದ್ದೆ.

ಮಗಳ ಬಾಣಂತನ ಹಲಸೂರಿನ ನಮ್ಮ ಮನೆಯಲ್ಲಿ ಮುಗಿದ ಮೇಲೆ, ತಾಯಿ ಮಗುವನ್ನು ವಿಮಾನಪುರದ ಬೀಗರ ಮನೆಗೆ ಬಿಡಲು ಹೋದೆ. ನನ್ನ ಹಳೆಯ ನೂಲಿನ ಸೀರೆಯಲ್ಲಿ ಜೋಲಿ ಮಾಡಿ, ಅಲ್ಲಿಯ ಸೂರಿನ ಕೊಂಡಿಗೆ ನಾನೇ ಕಟ್ಟಿದೆ. ಮೊಮ್ಮಗಳ ತಲೆ ದುಂಡಗಾಗಲೆಂದು ರಾಗಿ ದಿಂಬನ್ನೂ ಹೊಲಿದು ಕೊಟ್ಟೆ. ತವರಿನವರು ಕಟ್ಟಿದ ಜೋಲಿಯನ್ನು ಅತ್ತೆಮನೆಯವರು ಬಿಚ್ಚಬಾರದು ಎಂಬುದು ನಮ್ಮಲ್ಲಿ ನಡೆದು ಬಂದ ಪದ್ಧತಿ. ಅಳಿಯ ತಂದಿದ್ದ ಕಂಬಿಯ ಮರದ ತೊಟ್ಟಿಲಲ್ಲಿ ಒಗೆದ ಬಟ್ಟೆ ಸುಖವಾಗಿ ಮಲಗಿತ್ತು.

ಮಗು ಮಗುಚಿಕೊಂಡಿತು, ಕೂರಲು ಕಲಿಯಿತು. ಒಂದು ಮಧ್ಯಾಹ್ನ ನಾನು ಹೋದಾಗ ಬೀಗಿತ್ತಿ ಕಾಫಿ ಕೊಟ್ಟು ಮಾತು ತೆಗೆದರು.

"ಜೋಲಿ ಇನ್ನು ಸಾಕು. ಅಂಚು ಹಿಡ್ಕೊಂಡು ಏಳಕ್ಕೆ ನೋಡ್ತಾಳೆ. ಬಿದ್ರೆ?"

"ನಿಮ್ಮ ಸೊಸೆ ಬೆಳೆದಿದ್ದೂ ಜೋಲೀಲೇ. ಅವಳೇನು ಬಿದ್ದಿಲ್ವಲ್ಲ."

"ಅವಳ ಮಾತು ಕೇಳಿದ್ರೆ ನಂಗೆ ಅನುಮಾನ."

ಅಡುಗೆಮನೆಯಲ್ಲಿದ್ದ ಮಗಳು ನಕ್ಕಳು. ನನಗೆ ಮೈಯೆಲ್ಲ ಉರಿಯಿತು. "ಅಷ್ಟು ಬೇಡವಾಗಿದ್ರೆ ಬಿಚ್ಹಾಕಿ," ಎಂದೆ.

"ನಾನ್ಯಾಕೆ ಬಿಚ್ಚಲಿ? ಕಟ್ಟಿದ್ದು ನೀವು."

ಒಳಗಿಂದ ಒಂದು ಸಿಹಿಗುಂಬಳ ತಂದರು. ಅದಕ್ಕೆ ಮಗುವಿನ ಫ್ರಾಕು ತೊಡಿಸಿ ಜೋಲಿಯೊಳಗೆ ಇಟ್ಟರು. ಮಗು ನನ್ನ ತೊಡೆಯ ಮೇಲಿತ್ತು. ಬೀಗಿತ್ತಿ ಮೊಣಕಾಲೂರಿ, ಮಗು ಎಳೆಯುವ ಹಾಗೆಯೇ ಜೋಲಿಯ ಅಂಚನ್ನು ಎಳೆದರು. ಜೋಲಿ ವಾಲಿತು. ಕುಂಬಳಕಾಯಿ ಧಡ್ ಎಂದು ನೆಲಕ್ಕೆ ಬಿದ್ದು ಒಡೆಯಿತು. ಫ್ರಾಕಿನ ತುಂಬ ಬೀಜ.

ಮಗು ಮಾತ್ರ ಕೇಕೆ ಹಾಕಿತು. ನಾನು ಮಗುವನ್ನು ಅವರ ಕೈಗೆ ಕೊಟ್ಟು, ಸ್ಟೂಲು ಹತ್ತಿ ಗಂಟು ಬಿಚ್ಚಿದೆ.

ತೊಟ್ಟಿಲಿನ ಬಟ್ಟೆ ತೆಗೆದು, ಗಟ್ಟಿ ಹಾಸಿಗೆಯನ್ನು ಮುಷ್ಟಿಯಿಂದ ಒತ್ತಿ ನೋಡಿ, ಅದರ ಮೇಲೆ ಸುಕ್ಕಿಲ್ಲದಂತೆ ದುಪ್ಪಟಿ ಹಾಸಿ, ಬೀಗಿತ್ತಿ ಮಗುವನ್ನು ಅಂಗಾತ ಮಲಗಿಸಿದರು. ನಾನು ದಿಂಬು ತಂದರೆ ಅದಕ್ಕೂ ಅಡ್ಡ ಬಂದರು.

"ಏನೂ ಬೇಡ. ಉಸಿರಾಡಕ್ಕೆ ಜಾಗ ಇರ್ಲಿ. ತಲೆ ತಾನೇ ದುಂಡಗಾಗತ್ತೆ." ನನ್ನ ಮುಖ ನೋಡಿ ದಿಂಬಿಗೆ ಕೈ ಚಾಚಿದರು. "ನಂಗೆ ಕೊಡಿ. ನನ್ನ ತಲೇನೂ ಸ್ವಲ್ಪ ಚಪ್ಪಟೆ."

ರಾತ್ರಿ ಊಟಕ್ಕೆ ಅದೇ ಕುಂಬಳಕಾಯಿಯ ಹುಳಿ. ರುಚಿಯಾಗಿತ್ತು ಎಂದು ನಾನು ಹೇಳಲಿಲ್ಲ, ಮತ್ತೆ ಬಡಿಸಿಕೊಂಡೆ.

ಹೋದ ವರ್ಷ ಅವರು ತೀರಿಕೊಂಡರು. ಕೊನೆಯವರೆಗೂ ಆ ದಿಂಬು ಅವರ ತಲೆಯಡಿಯಲ್ಲೇ ಇತ್ತು.

ಈಗ ಮಗಳಿಗೆ ಎರಡನೆಯದು ಹುಟ್ಟಿದೆ. ನಾನು ಮೊನ್ನೆ ವಿಮಾನಪುರಕ್ಕೆ ಹೋದವಳು ಸೀರೆ ಸಿಕ್ಕಿಸಿಕೊಂಡು, ತೊಟ್ಟಿಲ ಪಕ್ಕದ ನೆಲದ ಮೇಲೆ ಅಂಗಾತ ಮಲಗಿದೆ. ನಿಂತಾಗ ಕಾಣದಿದ್ದ ಪರದೆಯ ದಾರ ಕಂಬಿಯ ಸಂದಿಗೇ ನೇತಾಡುತ್ತಿತ್ತು. ಎತ್ತಿ ಕಟ್ಟಿದೆ. ಮತ್ತೆ ಅಂಬೆಗಾಲಿಟ್ಟು ಹೊರಟಾಗ ದೊಡ್ಡ ಮೊಮ್ಮಗಳು ಬಂದಳು.

"ಏನ್ ಕಳ್ಕೊಂಡೆ ಅಜ್ಜಿ?" ಎಂದು ಮಂಚದ ಕೆಳಗೆ ಬಗ್ಗಿದಳು.

"ಏನೂ ಇಲ್ಲ. ನಿನ್ನ ಇನ್ನೊಬ್ಬ ಅಜ್ಜಿ ಕೆಲಸ ಮಾಡ್ತಿದೀನಿ," ಎಂದೆ. "ಬಗ್ಗಿದ್ದು ಸಾಲ್ದು, ಮೊಣಕಾಲೂರು."