ಕೆಂಪು ಗೆರೆಯ ಆಚೆ ಹೋದ ಮಾತು

ಮನುಷ್ಯನಾದವನು ತಲೆಯ ಮೇಲೆ ಒಂದಿಷ್ಟು ಜಾಗ ಬಿಟ್ಟುಕೊಂಡೇ ಬದುಕಬೇಕು. ಈ ಮಹಾತತ್ವವನ್ನು ನಾನು ತಪಸ್ಸಿನಿಂದ ಕಂಡುಕೊಂಡದ್ದಲ್ಲ. ಒಂದು ಟೇಪು ಕೆಡಿಸಿ ಕಲಿತದ್ದು. ಹೌದು ಬೊಮ್ಮೀ, ಆ ಟೇಪು ಕೆಟ್ಟಿತ್ತು. ನಿನಗೆ ನಾನು ಹೇಳಿದ್ದು ಸುಳ್ಳು.

ಕಾಡಿನಲ್ಲಿ ನಕ್ಸಲರು, ರಸ್ತೆಯಲ್ಲಿ ಪೊಲೀಸರು, ನಡುವೆ ಮಾನಂದವಾಡಿಯಲ್ಲಿ ನನ್ನ ಮೈಕ್‌ಸೆಟ್ಟಿನ ಅಂಗಡಿ — ಆ ಕಾಲ. ಬೇಗೂರು ಕಡೆಯ ಜಮೀನ್ದಾರರು, ನಿಮ್ಮ ಮೊದಲಾಳಿ, ಮಗಳ ಮದುವೆಯ ವಾದ್ಯ, ಭಾಷಣ ಎಲ್ಲವನ್ನೂ ರೆಕಾರ್ಡ್ ಮಾಡಲು ನನ್ನನ್ನು ಕರೆಸಿದ್ದರು. ನನ್ನ ಪುಟ್ಟ ಮಿಕ್ಸರಿನಲ್ಲಿ ಸದ್ದಿನ ಮಟ್ಟ ತೋರಿಸುವ ಮುಳ್ಳೊಂದಿತ್ತು. ಸಾಧಾರಣ ಮಾತಿಗೆ ಅದು ಕೆಂಪು ಗೆರೆಗಿಂತ ಸಾಕಷ್ಟು ಕೆಳಗೇ ಆಡಬೇಕು. ಮೇಲಿನ ಜಾಗ, ಯಾರಾದರೂ ತಟ್ಟನೆ ಕೂಗಿಬಿಟ್ಟರೆ ಎಂದು ಕಾದಿಟ್ಟದ್ದು; ಗೆರೆ ದಾಟಿದರೆ ಟೇಪಿನಲ್ಲಿ ದನಿ ಒಡೆದುಹೋಗುತ್ತದೆ. ನನಗೋ ಅದು ಬಸ್ಸಿನಲ್ಲಿ ಸೀಟು ಖಾಲಿ ಬಿಟ್ಟ ಹಾಗೆ — ಮಹಾ ದುಂದು. ಮೊದಲಾಳಿ ಮೆಲುಮಾತಿನವರು. ಅವರ ಸ್ವಾಗತದ ಮಾತಿಗೇ ಮುಳ್ಳು ಗೆರೆ ಮುಟ್ಟುವಂತೆ ಗುಂಡಿ ತಿರುಗಿಸಿ, ಪಾಯಸದ ಕಡೆ ಗಮನ ಕೊಟ್ಟೆ.

ನೀವು ಉಳುತ್ತಿದ್ದ ಗದ್ದೆಯನ್ನು ನಿಮಗೇ ಬಿಟ್ಟುಕೊಡುವ ಮಾತೆತ್ತಿದರೆ "ಮದುವೆ ಮುಗಿಯಲಿ" ಎಂದೇ ಅವರು ವರ್ಷ ದೂಡಿದ್ದರು. ಅವರ ಗದ್ದೆಯಲ್ಲೇ ನಾಟಿ ಮಾಡಿ ಬೆಳೆದವಳು ನೀನು, ಎಲ್ಲರೆದುರು ಕೇಳಿಬಿಟ್ಟೆ: "ಮೊದಲಾಳೀ, ಮೋಳ ಕಲ್ಯಾಣ ಆತು. ನಮ್ಮ ಗದ್ದೆ ಕಾರ್ಯ ಏನಾತು?"

ಸಂತೋಷದಲ್ಲೋ, ಕಾಡಿನ ನಕ್ಸಲರ ಭಯದಲ್ಲೋ — ಅವರು ಮೈಕನ್ನು ಹೆಚ್ಚುಕಡಿಮೆ ನುಂಗಿಕೊಂಡು ಗರ್ಜಿಸಿದರು: "ಹಳ್ಳದವರೆಗೂ ನಿಮ್ಮದೇ!"

ಮುಳ್ಳು ಗೆರೆ ಹಾರಿ, ತುದಿಗೆ ಬಡಿದು ನಿಂತಿತು. ಪಾಯಸ ಕೆಳಗಿಟ್ಟು ಗುಂಡಿಗೆ ಕೈ ಹಾಕುವಷ್ಟರಲ್ಲಿ ಮಾತು ಮುಗಿದಿತ್ತು. ಅಂಗಡಿಗೆ ಬಂದು ಹಾಕಿ ಕೇಳಿದರೆ — ಗರ್ರ್. ಮೊದಲಾಳಿಯೋ, ಏರು ಹತ್ತುವ ಪೊಲೀಸ್ ಜೀಪೋ, ದೇವರೇ ಹೇಳಬೇಕು.

ವಾರದೊಳಗೆ ಅವರಿಗೆ ಆ ಮಾತು ಮರೆತುಹೋಯಿತು. ಉಂಡುಹೋದ ನೆಂಟರಿಗೆಲ್ಲ ಸಾಮೂಹಿಕವಾಗಿ ಕಿವುಡು ಬಂತು. ನೀನು ಅಂಗಡಿಗೆ ಬಂದೆ.

"ಮೆಷೀನಿಗೆ ಮರೆವು ಇಲ್ಲ ಅಲ್ವಾ, ಅಣ್ಣಾ?"

ನಿಜ ಹೇಳಿದರೆ ನಿನ್ನ ಕೈ ಬರಿದು, ನನ್ನ ಹೆಸರು ಮಣ್ಣುಪಾಲು. ನಾನು ಹೆಸರನ್ನು ಉಳಿಸಿಕೊಂಡೆ.

"ಒಂದಕ್ಷರ ಬಿಟ್ಟಿಲ್ಲ. ಅಚ್ಚೊತ್ತಿದ ಹಾಗಿದೆ."

"ಹಂಗಾರೆ ಮೊದಲಾಳಿಗೆ ಅವ್ರ ಒಚ್ಚೆ ಅವ್ರಿಗೇ ಕೇಳಿಸ್ತೀನಿ!" ನೀನು ನಗುತ್ತ ಟೇಪು ತೆಗೆದುಕೊಂಡು ಹೊರಟೆ.

ಗದ್ದೆ ಕೇಳಿದವರನ್ನು ನಕ್ಸಲರೆಂದು ಜೀಪು ಹತ್ತಿಸುತ್ತಿದ್ದ ದಿನಗಳು. ಮೊದಲಾಳಿಯ ಜಗಲಿಯ ಮುಂದೆ ನಿನ್ನ ಕೈಯಲ್ಲಿದ್ದದ್ದು ನನ್ನ ಗರ್ರ್ ಒಂದೇ — ನಿನಗದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಹಿಂದೆಯೇ ಓಡಿಬಂದು ತಡೆಯಬಹುದಿತ್ತು... ಬರಲಿಲ್ಲ. ಕೂತು ವೈರು ಬೆಸೆಯುತ್ತಿದ್ದೆ. ಅದೂ ತಪ್ಪು ವೈರು.

ಅಂದಿನಿಂದ ಪ್ರತಿ ಸುಗ್ಗಿಗೆ "ಟೇಪಿನಣ್ಣನಿಗೆ" ಎಂದು ನೀನು ಕಳಿಸಿದ ಹೊಸ ಅಕ್ಕಿಯನ್ನೂ ಉಂಡಿದ್ದೇನೆ. ರುಚಿಯಾಗಿತ್ತು, ಪಾಪಪ್ರಜ್ಞೆಯಿಂದ ಹಸಿವು ಕಡಿಮೆಯಾಗುತ್ತದೆ ಎಂಬುದು ಸುಳ್ಳು. ಈ ಸಲ ನಾನೇ ಬಂದು, ಇಲ್ಲಿ ಬರೆದ ಇದಿಷ್ಟನ್ನೂ ನಿನ್ನೆದುರು ಹೇಳಿ, ಆಮೇಲೆ ಎಲೆಯ ಮುಂದೆ ಕೂರುತ್ತೇನೆ — ನೀನು ಕೂರಿಸಿದರೆ.

ಅಂದು ಮೊದಲಾಳಿ ನಿನ್ನ ಕೈಯ ಟೇಪಿನ ಡಬ್ಬಿಯನ್ನು ನೋಡಿದರು, ತಮ್ಮ ಮಾತು ಅದರಲ್ಲಿದೆ ಎಂದೇ ನಂಬಿ ಹಾಕಿಸಿ ಕೇಳಲಿಲ್ಲ. ಹಳ್ಳದವರೆಗಿನ ಗದ್ದೆ ನಿಮ್ಮದಾಯಿತು.