ಮುಖ ಬೇಕು, ದನಿ ಬೇಡ

ಕಳೆದ ತಿಂಗಳು ನಮ್ಮ ಕೆಂಪಾಪುರದ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಹಳೆಯ ಹಾಲಿವುಡ್ ಸಿನಿಮಾ ಹಾಕಿದ್ದೆವು. ಕಪ್ಪು ಬಿಳುಪು. ಎಲ್ಲರೂ ನಗುವಂಥ ದೃಶ್ಯ. ನನ್ನ ಪಕ್ಕದಲ್ಲಿದ್ದ ಸುಶೀಲಾಬಾಯಿ ಮಾತ್ರ ಅಳುತ್ತಿದ್ದರು.

'ಏನಾಯ್ತು ಅಮ್ಮಾ?'

'ಆಕಿ ತನ್ನ ದನೀಲೇ ಮಾತಾಡ್ತಾಳ್ರೀ' ಎಂದರು.

ತೆರೆಯ ಮೇಲಿದ್ದ ನಟಿ ಮೊದಲು ಮಾಡೆಲ್. ಪತ್ರಿಕೆಯ ಮುಖಪುಟದಲ್ಲಿ ಅವಳನ್ನು ಕಂಡು ಸ್ಟುಡಿಯೋದವರು ಕರೆಸಿದರಂತೆ. ಹೆಸರು ಬದಲಿಸಿದರು, ಕೂದಲಿನ ಬಣ್ಣ ಬದಲಿಸಿದರು. (ಹುಬ್ಬನ್ನೂ ಬಿಡಲಿಲ್ಲ.) ಗಂಟಲೊಂದನ್ನು ಮಾತ್ರ ಅವಳಿಗೇ ಬಿಟ್ಟರು.

ಸುಶೀಲಾಬಾಯಿಗೆ ಅದೂ ಉಳಿಯಲಿಲ್ಲ.

ಈಗ ಮೂರನೇ ಮಹಡಿಯಲ್ಲಿ ಮಗಳ ಜೊತೆಗಿರುವ ಈ ಹುಬ್ಬಳ್ಳಿಯ ಅಜ್ಜಿ, ಹರೆಯದಲ್ಲಿ ಸೀರೆ ಅಂಗಡಿಯ ಕ್ಯಾಲೆಂಡರಿಗೆ ಮಾಡೆಲ್ ಆಗಿದ್ದವರು. ಅದನ್ನು ನೋಡಿಯೇ ಮದ್ರಾಸಿನಿಂದ ಕರೆ ಬಂತು. ನಾಲ್ಕು ಸಿನಿಮಾಗಳಲ್ಲಿ ನಾಯಕಿ. ನಾಲ್ಕರಲ್ಲೂ ಬೇರೆಯವರ ದನಿ.

'ಈ ಮಾತು ಹೀರೋಯಿನ್‌ಗೆ ಸೂಟ್ ಆಗಲ್ಲಮ್ಮ' ಎಂದಿದ್ದರಂತೆ ಡೈರೆಕ್ಟರ್. ಐದನೆಯದಕ್ಕೆ 'ನಾನೇ ಮಾತಾಡ್ತೇನ್ರಿ' ಎಂದು ಹಟ ಹಿಡಿದರು. ಐದನೆಯದು ಬರಲೇ ಇಲ್ಲ.

ನಾವೇನು ಕಡಿಮೆಯೇ? ಧಾರವಾಡದಿಂದ ಬಂದ ಹುಡುಗಿ ಆಫೀಸಿನಲ್ಲಿ ಬಾಯಿ ತೆರೆದರೆ 'ನಿಮ್ಮ ಕನ್ನಡ ತುಂಬಾ ಕ್ಯೂಟ್ ಕಣ್ರೀ' ಎನ್ನುತ್ತೇವೆ. ಅವಳು ಏನು ಹೇಳಿದಳೆಂದು ಕೇಳಿಸಿಕೊಂಡಿರುವುದಿಲ್ಲ.

ಮುಂದಿನ ಭಾನುವಾರ ಸುಶೀಲಾಬಾಯಿಯದೇ ಸಿನಿಮಾ ಹುಡುಕಿ ಹಾಕಿದೆವು. ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಎದ್ದು ನಿಂತರು.

'ಸೌಂಡ್ ಬಂದ್ ಮಾಡ್ರಿ.'

ಮಾಡಿದೆವು. ತೆರೆಯ ಮೇಲೆ ಇಪ್ಪತ್ತರ ಚೆಲುವೆ ತುಟಿ ಆಡಿಸುತ್ತಿದ್ದಳು. ಕೆಳಗೆ ಕುರ್ಚಿ ಹಿಡಿದು ನಿಂತ ಸುಶೀಲಾಬಾಯಿ ಅವಳಿಗೆ ಮಾತು ಕೊಡತೊಡಗಿದರು. ಮೊದಲು ತಪ್ಪಿತು. ತುಟಿ ಮುಂದೆ, ಮಾತು ಹಿಂದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವರು ನಿಲ್ಲಿಸಲಿಲ್ಲ.

ನಾಯಕ ಊರು ಬಿಡುವ ದೃಶ್ಯ ಬಂತು.

'ಹೋಗಬ್ಯಾಡ್ರೀ... ಹೋಗೋದ ಖರೇ ಆದ್ರ, ತಿರುಗಿ ನೋಡಬ್ಯಾಡ್ರೀ.'

ವಯಸ್ಸಾದ ಒಡಕು ದನಿ. ಅಪ್ಪಟ ಹುಬ್ಬಳ್ಳಿ. ಆದರೆ ಒಂದೊಂದು ಅಕ್ಷರವೂ ಆ ತುಟಿಗಳ ಮೇಲೆ ಹೋಗಿ ಕೂತಿತು. ಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅವ್ವನ ಸಿನಿಮಾಗಳನ್ನೆಲ್ಲ ನೋಡಿದ್ದ ಅವಳಿಗೆ ಅಲ್ಲಿ ಅವ್ವ ಕೇಳಿಸಿದ್ದು ಅದೇ ಮೊದಲು.

ನನಗೆ ಆಶ್ಚರ್ಯ. 'ಅಷ್ಟು ಸರಿಯಾಗಿ ಹೇಗೆ ಕೂತಿತು?' ಎಂದು ಕೇಳಿದೆ.

'ಶೂಟಿಂಗಿನಾಗ ಹಿಂಗ ಅಂದಿದ್ದೆನ್ರೀ' ಎಂದರು, ಕುರ್ಚಿಗೆ ಒರಗುತ್ತಾ. 'ಅವರು ಮ್ಯಾಲಿಂದ ಬ್ಯಾರೆ ದನಿ ಹಚ್ಚಿದ್ರು. ತುಟಿ ಅಳಿಸಾಕ ಬರಲಿಲ್ಲ ನೋಡ್ರಿ.'

ಆ ದನಿಗೆ ಏನು ಕೊರತೆಯಿತ್ತು, ನೀವೇ ಹೇಳಿ?